ಕೊನೆಯ ದೃಶ್ಯದ ಸಬ್‌ಟೈಟಲ್

ಮಂಗಳವಾರ, ಬೆಳಗ್ಗೆ ಹನ್ನೊಂದು ಗಂಟೆ

ಸ್ಪ್ಯಾನಿಷ್ ಚಿತ್ರ ಸಪ್ತಾಹದ ಸನ್ಮಾನ್ಯ ಅಧ್ಯಕ್ಷರೂ, ಕಾಗದಪತ್ರಗಳ ಮಟ್ಟಿಗೆ ಇನ್ನೂ ನನ್ನ ಗಂಡನೂ ಆಗಿರುವ ನಿಮಗೆ,

ನಮಸ್ಕಾರ. ನಿಮ್ಮ ಪತ್ರ ನಿನ್ನೆ ಕೈಸೇರಿತು, ಜೊತೆಗೆ ಹೂಗುಚ್ಛವೂ. ಹೂಗಳನ್ನು ಕೆಳಗಿನ ಮನೆಯ ಹೊಲಿಗೆಯವಳಿಗೆ ಕೊಟ್ಟುಬಿಟ್ಟೆ. ಏನಕ್ಕಾ ವಿಶೇಷ ಅಂತ ಕೇಳಿದಳು. ಒಬ್ಬರು ತಮ್ಮ ತಪ್ಪನ್ನ ನನ್ನ ತಲೆಗೆ ಕಟ್ಟಬೇಕಂತೆ, ಅದಕ್ಕೆ ದಾರ ಕಳಿಸಿದ್ದಾರೆ ಅಂದೆ. ಅವಳಿಗೆ ಅರ್ಥವಾಗಲಿಲ್ಲ, ಆದರೂ ನಕ್ಕಳು. ನಿಮ್ಮ ಭಾಷಣಗಳಿಗೆ ಜನ ನಗುವುದೂ ಹೀಗೇ.

ನೀವು ಕಳಿಸಿದ ಕ್ಷಮಾಪಣೆಯ ಒಕ್ಕಣೆಯನ್ನು ಓದಿದೆ. "ಅನುವಾದಕಿಯ ಭಾಷಾ ದೌರ್ಬಲ್ಯದಿಂದಾಗಿ" ಎಂದು ಶುರುವಾಗುತ್ತದೆ, ಚೆನ್ನಾಗಿದೆ. ಅದರ ಕೆಳಗೆ ನಾನು ಸಹಿ ಹಾಕಬೇಕು, ನೀವು ಅದನ್ನು ಸ್ಪೇನ್‌ನ ನಿರ್ಮಾಪಕರಿಗೆ ಕಳಿಸಬೇಕು, ಅವರು ಸಮಾಧಾನಗೊಂಡು ಮುಂದಿನ ವರ್ಷ ನಿಮ್ಮನ್ನು ತಮ್ಮೂರಿನ ಉತ್ಸವಕ್ಕೆ ತೀರ್ಪುಗಾರರಾಗಿ ಕರೆಯಬೇಕು. "ನಿನ್ನಿಂದ ಇಷ್ಟು ಸಣ್ಣ ಉಪಕಾರ ಆಗಲ್ವಾ" ಎಂದು ಕೇಳಿದ್ದೀರಿ. ಆಗುವುದಿಲ್ಲ. ಯಾಕೆ ಆಗುವುದಿಲ್ಲ ಎಂಬುದನ್ನು ಎದುರು ಕೂತು ಹೇಳುವ ಅಭ್ಯಾಸ ನಮ್ಮ ಮನೆಯಲ್ಲಿ ಇರಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ.

ಮೊದಲು ನಿಮ್ಮ ಪೋಸ್ಟರಿನ ಮಾತು. ಏಳು ಸಿನಿಮಾ ತರಿಸಿದಿರಿ, ಎಲ್ಲವೂ ಈ ಎರಡು ಮೂರು ವರ್ಷದೊಳಗೆ ಬಂದವು. ಒಂದರಲ್ಲಿ ಆಸ್ಪತ್ರೆಯ ಬಟ್ಟೆ ಒಗೆಯುವವರು, ಒಂದರಲ್ಲಿ ಮುಚ್ಚಿಹೋದ ಗಣಿ, ಒಂದರಲ್ಲಿ ಬಸ್ಸಿಗೆ ಕಾಯುತ್ತಲೇ ಮುದುಕರಾಗುವ ಅಣ್ಣ ತಂಗಿ. ಪೋಸ್ಟರಿನಲ್ಲಿ ಮಾತ್ರ ಕೆಂಪು ಲಂಗದ ಹೆಂಗಸು, ಪಕ್ಕದಲ್ಲಿ ಗೂಳಿ! ವಿಮಾನ ನಿಲ್ದಾಣದಿಂದ ಬರುವಾಗ ಆ ಹುಡುಗಿ, ಆ ನಿರ್ದೇಶಕಿ, ಕಾರಿನ ಕಿಟಕಿಯಿಂದ ಅದನ್ನು ನೋಡಿ, ಇದು ಯಾವ ಸಿನಿಮಾದ ಗೂಳಿ ಎಂದು ನನ್ನನ್ನು ಕೇಳಿದಳು. ಇದು ನಮ್ಮ ಅಧ್ಯಕ್ಷರ ತಲೆಯೊಳಗಿನ ಗೂಳಿ ಎಂದೆ. ಅವಳು ತುಂಬ ಹೊತ್ತು ನಕ್ಕಳು. ಮುಂದಿನ ಸೀಟಿನಲ್ಲಿದ್ದ ನೀವು ತಿರುಗಿ, ಅತಿಥಿ ಖುಷಿಯಾಗಿದ್ದಾರೆ ಅಲ್ವಾ ಎಂದಿರಿ. ಇಪ್ಪತ್ತು ವರ್ಷದಿಂದ ಸ್ಪ್ಯಾನಿಷ್ ಸಿನಿಮಾದ ಬಗ್ಗೆ ಮಾತಾಡಿ ಹೊಟ್ಟೆ ಹೊರೆಯುವ ಮನುಷ್ಯ, ಆ ಭಾಷೆಯಲ್ಲಿ "ಗೂಳಿ" ಎಂಬ ಪದವನ್ನಾದರೂ ಕಲಿಯಬಾರದೇ?

ನನಗೆ ಆ ಭಾಷೆ ಬಂದದ್ದು ಸಿನಿಮಾದಿಂದಲ್ಲ. ಹಡಗು ಕಚೇರಿಯಲ್ಲಿ ಒಂಬತ್ತು ವರ್ಷ ಅವರ ಪತ್ರಗಳಿಗೆ ಉತ್ತರ ಬರೆದೂ ಬರೆದೂ ಬಂದದ್ದು. ನೀವು ಅದನ್ನು ಗುಮಾಸ್ತೆಯ ಸ್ಪ್ಯಾನಿಷ್ ಅಂತ ಸ್ನೇಹಿತರ ಮುಂದೆ ಆಡಿಕೊಳ್ಳುತ್ತಿದ್ದಿರಿ. ಆದರೂ ಸಪ್ತಾಹ ಬಂದಾಗಲೆಲ್ಲ ಈ ಗುಮಾಸ್ತೆಯೇ ಬೇಕು. ಎರಡು ವರ್ಷದ ಹಿಂದೆ ನಾನು ಬೇರೆ ಮನೆ ಮಾಡಿದ ಮೇಲೂ ನೀವು ಫೋನ್ ಮಾಡುತ್ತಿದ್ದುದು ಸಬ್‌ಟೈಟಲ್‌ಗಾಗಿ ಮಾತ್ರ.

ಈಗ ಆ ನಿರ್ದೇಶಕಿಯ ಸಿನಿಮಾ. ನೀವು ಅದನ್ನು ಪೂರ್ತಿ ನೋಡಿಲ್ಲ, ನನಗೆ ಗೊತ್ತು, ಹಾಗಾಗಿ ಕಥೆ ಹೇಳುತ್ತೇನೆ. ಮೀನಿನ ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಕೆಲಸ ಮಾಡುವ ಹೆಂಗಸು. ನಿವೃತ್ತನಾಗಿ ಮನೆಯಲ್ಲಿರುವ ಗಂಡ. ಅವನು ಅವಳ ಮೇಲೆ ಒಂದು ದಿನವೂ ಕೈಮಾಡಿದವನಲ್ಲ, ದನಿ ಏರಿಸಿದವನೂ ಅಲ್ಲ. ಊಟ ಮಾಡುತ್ತಾ ಮಾಡುತ್ತಾ ಚಮಚವನ್ನು ತಟ್ಟೆಯ ಪಕ್ಕ ಇಡುತ್ತಾನೆ, ಅಷ್ಟೆ. ಆಮೇಲೆ ಮೂರು ದಿನ ಮನೆಯಲ್ಲಿ ಮಾತಿಲ್ಲ. ಕೊನೆಯ ದೃಶ್ಯದಲ್ಲಿ ಅವನು ಅಂಗಡಿಗೆಂದು ಹೊರಗೆ ಹೋದಾಗ ಅವಳು ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತಾಳೆ. ಅವನು ಬಂದು ಬಾಗಿಲು ತಟ್ಟುತ್ತಾನೆ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಆಡುವ ಮೊದಲ ಪೂರ್ತಿ ಮಾತು ಆ ಬಾಗಿಲಿನ ಈಚೆಯಿಂದ. ನಾನು ಅದನ್ನು ಹೀಗೆ ಬರೆದುಕೊಟ್ಟಿದ್ದೆ: "ನಿನ್ನನ್ನು ನಾನು ಯಾವತ್ತೂ ಪ್ರೀತಿಸಲಿಲ್ಲ. ನಿನಗೆ ಹೆದರುತ್ತಿದ್ದೆ, ಅಷ್ಟೆ."

ಕಳೆದ ಮಂಗಳವಾರ ಸಬ್‌ಟೈಟಲ್ ಫೈಲ್ ನಿಮಗೆ ಕಳಿಸಿದೆ. ಶುಕ್ರವಾರ ಸಂಜೆ, ಗಣ್ಯರೆಲ್ಲ ಬಂದು ಕೂತ ಸಭಾಂಗಣದಲ್ಲಿ, ಪರದೆಯ ಕೆಳಗೆ ನಾನು ಓದಿದ್ದು ಇದನ್ನು: "ನಿನ್ನ ಮೇಲೆ ಇವತ್ತಿಗೂ ಪ್ರೀತಿ ಇದೆ. ದಣಿದಿದ್ದೇನೆ, ಅಷ್ಟೆ."

ನಾನು ಕಣ್ಣುಜ್ಜಿಕೊಂಡೆ. ಪರದೆಯ ಮೇಲೆ ಆ ನಟಿ ಚಿಲಕವನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಾಳೆ, ಕೆಳಗೆ ಮದುವೆಯ ವಾರ್ಷಿಕೋತ್ಸವದ ಶುಭಾಶಯ ಪತ್ರದ ಸಾಲು! ಮುಂದಿನ ಸಾಲಿನ ಹಾಸಿಗೆ ಕಂಪನಿಯ ಪ್ರಾಯೋಜಕರು ಹೆಂಡತಿಯ ಭುಜ ತಟ್ಟಿದರು. ಅವರ ಹೆಂಡತಿ ಕರವಸ್ತ್ರ ತೆಗೆದರು. ಚಪ್ಪಾಳೆ ಬಿತ್ತು. ಅಂಥ ಚಪ್ಪಾಳೆಗಾಗಿಯೇ ಅಲ್ಲವೇ ನೀವು ಬದುಕುವುದು.

ಆಮೇಲೆ ವೇದಿಕೆ. ಮೂರು ಕುರ್ಚಿ: ಒಂದು ಕಡೆ ನಿರ್ದೇಶಕಿ, ಒಂದು ಕಡೆ ನೀವು, ನಡುವೆ ಮಾತು ದಾಟಿಸುವುದಕ್ಕೆ ನಾನು. ಹಿಂದಿನ ಸಾಲಿನಲ್ಲಿ ಒಬ್ಬರು ವಯಸ್ಸಾದ ಮೇಡಂ ಎದ್ದರು, ನಿವೃತ್ತ ಶಾಲಾ ಶಿಕ್ಷಕಿಯಂತೆ. ಅಷ್ಟೊಂದು ಪ್ರೀತಿ ಇದ್ದವಳು ಗಂಡನನ್ನ ಹೊರಗೆ ನಿಲ್ಲಿಸಿ ಬಾಗಿಲು ಯಾಕಮ್ಮ ಹಾಕಿಕೊಂಡಳು, ನನಗೆ ಅದೊಂದು ಬಿಡಿಸಿ ಹೇಳಿ ಎಂದರು. ಸಭೆ ಗೊಳ್ಳೆಂದು ನಕ್ಕಿತು. ಆ ನಾನೂರು ಜನರಲ್ಲಿ ಸಿನಿಮಾ ನೋಡಿದ್ದವರು ಅವರೊಬ್ಬರೇ. ಉಳಿದವರು ಬರೀ ಓದಿದ್ದರು.

ನಾನು ಪ್ರಶ್ನೆಯನ್ನು ದಾಟಿಸಿದೆ. ನಿರ್ದೇಶಕಿಯ ಮುಖದಲ್ಲಿದ್ದ ನಗು ಇಳಿಯಿತು. ಪ್ರೀತಿಯೇ? ಪ್ರೀತಿ ಅಂತ ಯಾರು ಹೇಳಿದರು? ಎಂದು ನನ್ನನ್ನೇ ಕೇಳಿದಳು. ಆಗ ನೀವು ಮೈಕು ತೆಗೆದುಕೊಂಡು ಹೇಳಿದ ಮಾತು ನನಗೆ ಅಕ್ಷರ ಬಿಡದೆ ನೆನಪಿದೆ. "ನಮ್ಮ ಅನುವಾದಕಿಯದು ಸಣ್ಣ ಎಡವಟ್ಟು, ದಯವಿಟ್ಟು ಹೊಟ್ಟೆಗೆ ಹಾಕ್ಕೊಳ್ಳಿ. ಹೆಣ್ಣುಮಕ್ಕಳಿಗೆ ಪ್ರೀತಿ ಅನ್ನೋ ಪದ ಕಂಡರೆ ಸಾಕು, ಕೈ ತಾನಾಗಿ ಬರೆದುಬಿಡುತ್ತೆ." ಮತ್ತೆ ನಗು. ಪ್ರಾಯೋಜಕರಂತೂ ತೊಡೆ ತಟ್ಟಿಕೊಂಡು ನಕ್ಕರು.

ಆ ಕ್ಷಣ ನಾನು ಸತ್ಯ ಹೇಳಬಹುದಿತ್ತು. ಮೈಕು ನನ್ನ ಕೈಯಲ್ಲೂ ಇತ್ತು. ಆದರೆ ನೀವು ಗಂಟಲು ಸರಿಮಾಡಿಕೊಂಡಿರಿ. ಜೋರಾಗಿ ಅಲ್ಲ, ಊಟದ ಮೇಜಿನಲ್ಲಿ ಮಾಡುತ್ತಿದ್ದಿರಲ್ಲ, ಅಷ್ಟೇ ಮೆತ್ತಗೆ. ನನ್ನ ಬಾಯಿ ತಾನಾಗಿ ತೆರೆದುಕೊಂಡು, ಹೌದು, ತಪ್ಪು ನನ್ನದೇ ಎಂದಿತು. ಎರಡು ವರ್ಷ ಬೇರೆ ಮನೆ, ಬೇರೆ ಬೀಗ, ಬೇರೆ ಅಡುಗೆಮನೆ. ಎಲ್ಲ ಒಂದು ಕೆಮ್ಮಿಗೆ ಹಾರಿಹೋಯಿತು. ನಿಮ್ಮನ್ನು ಎಷ್ಟು ತಿರಸ್ಕಾರದಿಂದ ನೋಡುತ್ತೇನೋ, ಆ ಹೊತ್ತಿನ ನನ್ನನ್ನೂ ಅಷ್ಟೇ ತಿರಸ್ಕಾರದಿಂದ ನೋಡುತ್ತೇನೆ. ಇದನ್ನು ಬರೆಯುವಾಗ ಪೆನ್ನು ನಿಂತು ನಿಂತು ಹೋಗುತ್ತಿದೆ, ಇರಲಿ.

ಶನಿವಾರ ಬೆಳಗ್ಗೆ ಹೋಟೆಲಿಗೆ ಹೋದೆ. ನಿರ್ದೇಶಕಿ ಒಬ್ಬಳೇ ತಿಂಡಿ ತಿನ್ನುತ್ತಿದ್ದಳು. ನಡೆದದ್ದನ್ನೆಲ್ಲ ಹೇಳಿದೆ, ಸಾಲು ಬದಲಾಯಿಸಿದ್ದು ಯಾರು, ಅವರು ನನಗೆ ಏನಾಗಬೇಕು, ಎಲ್ಲ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲ ತೆಗೆದು, ನನಗೆ ಕೂರಲು ಹೇಳಿದಳು. ಆ ಕಾರ್ಖಾನೆಯ ಹೆಂಗಸು ಅವಳ ಸ್ವಂತ ತಾಯಿಯಂತೆ. ಸಿನಿಮಾ ಬಿಡುಗಡೆಯಾದಾಗ ಅವಳ ಊರಿನಲ್ಲೂ ಯಾರೋ, ಕೊನೆಯ ಮಾತನ್ನ ಸ್ವಲ್ಪ ಮೆತ್ತಗೆ ಮಾಡಬಾರದಿತ್ತಾ ಅಂದಿದ್ದರಂತೆ. ಅಂದವನು ಅವಳ ಅಪ್ಪ. ನಿಮ್ಮ ಅಧ್ಯಕ್ಷರಿಗೂ ನಮ್ಮಪ್ಪನಿಗೂ ಭಾಷೆ ಒಂದೇ ಇರಬೇಕು ಎಂದಳು. ಈ ಸಲ ನಾನು ನಕ್ಕೆ.

ಭಾನುವಾರದ ಮರುಪ್ರದರ್ಶನಕ್ಕೆ ನೀವು ಬರುವುದಿಲ್ಲ ಎಂದು ಗೊತ್ತಿತ್ತು. ಗಣ್ಯರಿಲ್ಲದ ಕಡೆ ನಿಮಗೇನು ಕೆಲಸ. ನಾನು ಪ್ರೊಜೆಕ್ಟರ್ ಕೋಣೆಗೆ ಹೋಗಿ, ಸಬ್‌ಟೈಟಲ್ ಫೈಲ್ ಬದಲಾಯಿಸಬೇಕಿತ್ತಣ್ಣ ಎಂದೆ. ಆಪರೇಟರ್ ಅಣ್ಣ ನನ್ನ ಮುಖ ನೋಡಿ, ಹಾಕಮ್ಮ, ಮೊನ್ನೆ ಸಾಹೇಬರು ಆಫೀಸಿನವರನ್ನ ಕಳಿಸಿ ಬದಲಾಯಿಸಿದಾಗಲೇ ನನಗೆ ಸರಿ ಬರಲಿಲ್ಲ, ಆ ಹೆಂಗಸಿನ ಮುಖಕ್ಕೂ ಆ ಮಾತಿಗೂ ತಾಳೆಯೇ ಇರಲಿಲ್ಲ ಅಂದರು. ಅವರಿಗೂ ಸ್ಪ್ಯಾನಿಷ್ ಬರುವುದಿಲ್ಲ, ನಿಮಗೂ ಬರುವುದಿಲ್ಲ. ಆದರೆ ಅವರಿಗೆ ಮುಖ ಓದಲು ಬರುತ್ತದೆ.

ನಲವತ್ತು ಜನ ಇದ್ದಿರಬಹುದು. ಮೇಡಂ ಮತ್ತೆ ಬಂದಿದ್ದರು, ಈ ಸಲ ಮುಂದಿನ ಸಾಲಿನಲ್ಲೇ ಕೂತಿದ್ದರು. ಕೊನೆಯ ದೃಶ್ಯ ಬಂತು, ಸಾಲು ಬಂತು. ಯಾರೂ ಕರವಸ್ತ್ರ ತೆಗೆಯಲಿಲ್ಲ, ಚಪ್ಪಾಳೆಯೂ ಇಲ್ಲ. ಒಬ್ಬ ಗಂಡಸು ಎದ್ದು, ಪಕ್ಕದಲ್ಲಿದ್ದ ಹೆಂಡತಿಯನ್ನು ಕರೆಯದೆಯೇ ಹೊರಗೆ ಹೋದ. ಆಕೆ ಏಳಲಿಲ್ಲ, ಕೊನೆಯ ಹೆಸರು ಮೇಲೆ ಹೋಗುವವರೆಗೂ ಕೂತಿದ್ದರು. ದೀಪ ಹತ್ತಿದ ಮೇಲೆ ಮೇಡಂ ಯಾರಿಗೆ ಎಂದಿಲ್ಲದೆ, ಹಾಂ, ಈಗ ಬಾಗಿಲು ಅರ್ಥ ಆಯ್ತು ಎಂದರು. ಪಕ್ಕದಲ್ಲೇ ಕೂತಿದ್ದ ನಿರ್ದೇಶಕಿಗೆ ನಾನು ಅದನ್ನು ದಾಟಿಸಿದೆ. ಅವಳು ಎದ್ದು ಹೋಗಿ ಆ ಮುದುಕಿಯ ಎರಡೂ ಕೈ ಹಿಡಿದುಕೊಂಡಳು. ಅಲ್ಲಿ ನಾನು ಬೇಕಾಗಲಿಲ್ಲ.

ಇನ್ನು ನಿಮ್ಮ ಪತ್ರದ ಕೊನೆಯ ಪುಟ. ನಿರ್ಮಾಪಕರಿಗೆ ತೋರಿಸಲಾಗದ್ದನ್ನು ನನಗೆ ಮಾತ್ರ ಬರೆದಿದ್ದೀರಿ: "ಆ ಸಾಲಿನಲ್ಲಿ ಸಿನಿಮಾ ಇರಲಿಲ್ಲ, ನೀನಿದ್ದೆ. ನಾನೂರು ಜನರ ಮುಂದೆ ನನ್ನ ಮಾನ ಕಳೆಯೋದಕ್ಕೆ ನೀನು ಬರೆದಿದ್ದು ಅದು. ಅದಕ್ಕೇ ತೆಗೆಸಿದೆ." ಅಬ್ಬಾ, ಎಂಥ ಅಹಂಕಾರ! ಸಮುದ್ರದಾಚೆಯ ಒಂದು ದೇಶದಲ್ಲಿ ಯಾರೋ ಹುಡುಗಿ ತನ್ನ ತಾಯಿಯ ಕಥೆ ಸಿನಿಮಾ ಮಾಡಿದರೆ, ಅದೂ ನಿಮ್ಮ ಬಗ್ಗೆಯೇ ಇರಬೇಕು. ತಪ್ಪು ಅನುವಾದಕಿಯದು ಎಂದು ಹೊರಗೆ ಹೇಳಿಕೊಂಡು ತಿರುಗುತ್ತಿರುವವರು ಇದನ್ನು ಪ್ರಾಯೋಜಕರ ಮುಂದೆಯೂ ಓದಿ ಹೇಳಿ ನೋಡೋಣ.

ಕ್ಷಮಾಪಣೆಗೆ ನಾನು ಸಹಿ ಹಾಕಿಲ್ಲ. ಕಳೆದ ಮಂಗಳವಾರ ನಾನು ಕಳಿಸಿದ ಫೈಲನ್ನೂ ಶುಕ್ರವಾರ ನೀವು ತೋರಿಸಿದ್ದನ್ನೂ ನಿನ್ನೆಯೇ ಸಪ್ತಾಹ ಸಮಿತಿಯ ಕಾರ್ಯದರ್ಶಿಗೆ ಕಳಿಸಿದ್ದೇನೆ. ಗುರುವಾರ ಸಭೆಯಂತೆ, ನನ್ನನ್ನೂ ಕರೆದಿದ್ದಾರೆ. ಬರುತ್ತೇನೆ, ನಿಮ್ಮ ಎದುರಿನ ಕುರ್ಚಿಯಲ್ಲೇ ಕೂರುತ್ತೇನೆ. ಗಂಟಲು ಎಷ್ಟು ಬೇಕಾದರೂ ಸರಿಮಾಡಿಕೊಳ್ಳಿ. ನನ್ನ ಬಾಯಿ ಈ ಸಲ ಏನು ಹೇಳುತ್ತದೋ ನನಗೂ ಖಾತ್ರಿಯಿಲ್ಲ. ಆದರೆ ಅಲ್ಲಿಯವರೆಗಂತೂ ಬಂದೇ ಬರುತ್ತೇನೆ.

ಇಂತಿ,
ಇನ್ನು ಮುಂದೆ ನಿಮ್ಮ ಯಾವ ಸಾಲನ್ನೂ ಬರೆದುಕೊಡದ,
ಗುಮಾಸ್ತೆ

ಮರೆತಿದ್ದ ಮಾತು: ಮರೆತಿದ್ದಲ್ಲ, ಬರೆಯುವುದು ಬೇಡ ಎಂದುಕೊಂಡಿದ್ದೆ. ಶನಿವಾರ ತಿಂಡಿಯ ಮೇಜಿನಲ್ಲಿ ನಿರ್ದೇಶಕಿ, ನೀನು ಮೊದಲು ಬರೆದಿದ್ದು ಏನು ಅಂತ ಕೇಳಿದಳು. ಹೇಳಿದೆ. ಅವಳು, ಅರ್ಧ ನನ್ನ ಅಮ್ಮನದು, ಇನ್ನರ್ಧ ಯಾರದು ಎಂದಳು. ಸ್ಪ್ಯಾನಿಷ್‌ನಲ್ಲಿ ಆ ಹೆಂಗಸು ಹೇಳುವುದು "ನಿನಗೆ ಹೆದರುತ್ತಿದ್ದೆ, ಅಷ್ಟೆ" ಎಂದು ಮಾತ್ರ. ಪ್ರೀತಿಸಲಿಲ್ಲ ಎಂಬ ಮೊದಲ ಸಾಲು ನಾನು ಸೇರಿಸಿದ್ದು. ಆ ಸಾಲಿನಲ್ಲಿ ನಾನಿದ್ದೆ, ನೀವು ಹಿಡಿದದ್ದು ಸರಿಯಾಗಿತ್ತು, ಗುರುವಾರ ಸಮಿತಿಗೂ ಇದನ್ನು ಹೇಳುತ್ತೇನೆ. ಭಾನುವಾರದ ಫೈಲಿನಲ್ಲಿ ಅದನ್ನು ತೆಗೆದೆ. ಅವಳ ಅಮ್ಮ ಆಡದ ಮಾತು ಎಂಬುದೊಂದೇ ಕಾರಣವಲ್ಲ. ನನ್ನ ಮಟ್ಟಿಗೆ ಅದು ನಿಜವೂ ಆಗಿರಲಿಲ್ಲ.