ಗೊತ್ತಿಲ್ಲದಿದ್ದರೆ ಎಡಗೈ

ಸೋಮವಾರ, ಇನ್ನೂ ಕತ್ತಲು

ಪ್ರೀತಿಯ ಅಕ್ಕಾ,

ಎರಡೂವರೆಗೆ ಎಚ್ಚರವಾಯಿತು. ಎಬ್ಬಿಸಿದ್ದು ಕೂಸಲ್ಲ, ದೊಡ್ಡವಳು. ನಿದ್ದೆಯಲ್ಲೇ ಪಾಠ ಒಪ್ಪಿಸುತ್ತಿದ್ದಳು, ನನ್ನದೇ ರಾಗದಲ್ಲಿ, ನಾನು ಉಸಿರೆಳೆಯುವ ಕಡೆಯಲ್ಲೇ ಉಸಿರೆಳೆದು. ಅವಳ ಹೊದಿಕೆ ಸರಿಮಾಡಿ ಅಡುಗೆಮನೆಯಲ್ಲಿ ಬಂದು ಕೂತಿದ್ದೇನೆ. ಫೋನಿನಲ್ಲಿ ಇಷ್ಟೆಲ್ಲ ಹೇಳಹೊರಟರೆ ಇವರಿಗೆ ಎಚ್ಚರವಾಗುತ್ತದೆ. ಅದಕ್ಕೇ ಬರೆದು, ಹಾಳೆಯ ಫೋಟೋ ತೆಗೆದು ಕಳಿಸುತ್ತೇನೆ. ನೀನು ನಸುಕಿನಲ್ಲೇ ಏಳುವವಳು.

ಇವತ್ತು ನಮ್ಮ ಶಾಲೆಗೆ ತಪಾಸಣೆಯವರು ಬರುತ್ತಾರೆ. ಸರ್ಕಾರದ ಹೊಸ ಯೋಜನೆಯ ಬಗ್ಗೆ ನಿನಗೇನು ಹೇಳುವುದು, ತರಬೇತಿ ಕೇಂದ್ರದಲ್ಲಿ ಟೀಚರುಗಳಿಗೆ ಪಾಠ ಮಾಡುವವಳೇ ನೀನು. ಒಬ್ಬರು ಹಿಂದಿನ ಬೆಂಚಿನಲ್ಲಿ ಕೂತು ನನ್ನ ಪಾಠ ನೋಡುತ್ತಾರೆ. ಆಮೇಲೆ ತಮ್ಮ ಚೀಲದಿಂದ ಹೊಸ ಪುಟವೊಂದನ್ನು ತೆಗೆದು, ಶಾಲೆಯವರು ಹೆಸರು ಕೊಟ್ಟ ಮಗುವಿನಿಂದ ಓದಿಸುತ್ತಾರೆ. ಮಗು ತಡವರಿಸಿದರೆ ಟೀಚರಿಗೆ ಮೂರು ತಿಂಗಳು ನಿಮ್ಮಲ್ಲಿ ತರಬೇತಿ. ಹಾಸ್ಟೆಲ್ಲಿಗೆ ಕೂಸನ್ನು ತರುವಂತಿಲ್ಲ ಎಂದು ನೀನೇ ಹೇಳಿದ್ದೆ. ಎಂಟು ತಿಂಗಳ ಕೂಸು ಅಕ್ಕಾ, ಬಾಟಲಿ ಕಂಡರೆ ಮುಖ ತಿರುಗಿಸುತ್ತದೆ.

ಪಕ್ಕದ ಕ್ಲಾಸಿನ ಮೇಷ್ಟ್ರು, 'ಅವ್ರು ಬರೋದು ಪಾಠ ನೋಡೋಕಲ್ಲ ಕಣಮ್ಮ, ನಮ್ಮ ಬೆವರು ನೋಡೋಕೆ' ಎಂದು ನಗಿಸಿದರು. ಉಪಾಯ ಹೇಳಿಕೊಟ್ಟವರೂ ಅವರೇ. ಪ್ರಶ್ನೆ ಕೇಳಿದಾಗ ಎಲ್ಲರೂ ಕೈ ಎತ್ತಬೇಕು: ಗೊತ್ತಿದ್ದವರು ಬಲಗೈ, ಗೊತ್ತಿಲ್ಲದವರು ಎಡಗೈ. ನಾನು ಬಲಗೈಯವರನ್ನಷ್ಟೇ ಎಬ್ಬಿಸುವುದು. ನೋಡುವವರ ಕಣ್ಣಿಗೆ ಇಡೀ ಕ್ಲಾಸೇ ಬುದ್ಧಿವಂತ. ವಾರವಿಡೀ ಅದನ್ನೇ ಆಡಿಸಿದೆ. ಮಕ್ಕಳಿಗೆ ಖುಷಿಯೋ ಖುಷಿ.

ಓದುವುದಕ್ಕೆ ಹೆಡ್‌ಮಿಸ್ ನನ್ನ ಮಗಳ ಹೆಸರನ್ನೇ ಕೊಟ್ಟುಬಿಟ್ಟಿದ್ದಾರೆ. ಅವಳು ನನ್ನ ಕ್ಲಾಸಿನಲ್ಲೇ ಇದ್ದಾಳಲ್ಲ. 'ಟೀಚರ್ ಮಗಳಲ್ವೇನ್ರೀ, ಪಟಪಟ ಅಂತ ಓದ್ತಾಳೆ' ಎಂದರು. ನಾನೂ ಬೀಗಿಕೊಂಡು ತಲೆಯಾಡಿಸಿದೆ.

ನಿನ್ನೆ ಸಂಜೆ ಸುಮ್ಮನೆ, ಅಭ್ಯಾಸವಾಗಲಿ ಎಂದು, ಪಕ್ಕದ ಮನೆಯವರು ಕೊಟ್ಟ ಕಥೆಪುಸ್ತಕ ತೆರೆದು ಅವಳ ಮುಂದಿಟ್ಟೆ. ಪುಟ ನೋಡಿದಳು, ನನ್ನ ಮುಖ ನೋಡಿದಳು. ನಗುತ್ತಾ ಎಡಗೈ ಎತ್ತಿದಳು.

ಆಟವಾಡುತ್ತಿದ್ದಾಳೆ ಎಂದುಕೊಂಡು ಗದರಿದೆ. ಪಾಠದ ಪುಸ್ತಕ ಕೊಟ್ಟೆ. ಎಲ್ಲೂ ತಡೆಯದೆ ಶುರುಮಾಡಿದಳು. ಆದರೆ ಬೆರಳು ಒಂದು ಸಾಲಿನಲ್ಲಿ, ಬಾಯಿ ಮುಂದಿನ ಸಾಲಿನಲ್ಲಿ. ಬೆರಳ ಕೆಳಗಿನ ಪದ ಯಾವುದು ಎಂದು ಕೇಳಿದರೆ, ಮತ್ತೆ ಮೊದಲಿನಿಂದ ಹೇಳಿಕೊಂಡು ಅಲ್ಲಿಗೆ ಬರಬೇಕು. ಹೋದ ವರ್ಷದಿಂದ ಅವಳಿಗೆ ಕಲಿಸುತ್ತಿರುವವಳು ನಾನೇ. ಮಗುವಿಗೆ ಓದು ಹತ್ತಿಸುವುದು ಹೇಗೆಂದು ನನಗೆ ಗೊತ್ತೇ ಇಲ್ಲವೇನೋ ಅಕ್ಕಾ. ಉಳಿದ ಮಕ್ಕಳನ್ನು ಓದಿಸಿ ನೋಡುವ ಧೈರ್ಯವೂ ಇಲ್ಲ.

ಇವರು, 'ಒಂದಿನ ಮನೇಲಿ ಇರಿಸ್ಕೋ, ಆಕಾಶವೇನೂ ಕಳಚಿ ಬೀಳಲ್ಲ' ಎಂದು ಮಗ್ಗುಲು ಬದಲಿಸಿದರು. ಬಿಟ್ಟು ಹೋದರೆ ಇವಳ ಬದಲು ಅಂಗಡಿಯವರ ಮಗಳು ಓದಿಯಾಳು, ಅವಳಿಗೆ ಮನೆಯಲ್ಲಿ ಅಜ್ಜ ಕಲಿಸಿದ್ದಾರೆ. ನಾನು ಪಾರಾಗುತ್ತೇನೆ. ಆದರೆ ನನ್ನ ಮಗಳಿಗೆ ಓದಲು ಬರುವುದಿಲ್ಲವೆಂದು ಇನ್ಯಾರಿಗೂ ಗೊತ್ತಾಗುವುದೇ ಇಲ್ಲ. ಕರೆದುಕೊಂಡು ಹೋದರೆ ಅವಳು ಎಲ್ಲರೆದುರು ತಲೆತಗ್ಗಿಸಿ ನಿಲ್ಲಬೇಕು, ನಾನು ಕೂಸನ್ನು ಬಿಟ್ಟು ಹೊರಡಬೇಕು. ಏನು ಮಾಡುವುದೆಂದು ಇನ್ನೂ ನಿರ್ಧರಿಸಿಲ್ಲ.

ನಿನ್ನ ತಂಗಿ,
ಗುಬ್ಬಿ

ತಾ.ಕ.: ನಿರ್ಧರಿಸಿಲ್ಲ ಎಂದದ್ದು ಸುಳ್ಳು. ಮಗಳಿಗೆ ಜ್ವರ ಎಂದು ಮಲಗುವ ಮುಂಚೆಯೇ ಹೆಡ್‌ಮಿಸ್‌ಗೆ ಮೆಸೇಜ್ ಹಾಕಿದ್ದೇನೆ. ಅವರಿನ್ನೂ ನೋಡಿಲ್ಲ. ನಾವು ಮಾತಾಡಿದ್ದು ದೊಡ್ಡವಳ ಕಿವಿಗೆ ಬಿದ್ದಿರಬೇಕು. ಈಗಷ್ಟೇ ಎದ್ದು ಬಂದು, 'ಅಮ್ಮಾ, ನಂಗೆ ಜ್ವರಾನಾ?' ಎಂದು ತನ್ನ ಹಣೆ ತಾನೇ ಮುಟ್ಟಿ ನೋಡಿಕೊಳ್ಳುತ್ತಿದ್ದಾಳೆ. ಮೆಸೇಜ್ ಅಳಿಸಲೇ, ಬಿಡಲೇ? ಬೆಳಕು ಹರಿಯುವ ಮೊದಲು ಫೋನ್ ಮಾಡು ಅಕ್ಕಾ. ಬೈಯುವುದಾದರೂ ಸರಿ, ಮಾಡು.