ಪಂಪ್ ಕೆಟ್ಟರೆ ಪಂಪ್ ಕೆಟ್ಟಿದೆ ಎಂದೇ ಬರೆಯಿರಿ

ರಕ್ತದೊತ್ತಡದ ಮಾತ್ರೆಯ ಜೊತೆ ಹಂಚುವ ಹಳದಿ ಕರಪತ್ರಕ್ಕೆ ಸಹಿ ಹಾಕುವ ಜಿಲ್ಲಾ ಆರೋಗ್ಯಾಧಿಕಾರಿಗಳೇ,

ನಿಮ್ಮ ಕರಪತ್ರದ ಎರಡನೆಯ ಪುಟದ ಒಂಬತ್ತನೆಯ ಸಾಲಿನಿಂದಾಗಿ ನನ್ನ ಮೂವತ್ತೊಂದು ವರ್ಷದ ದಾಂಪತ್ಯ ಮುರಿಯುವುದರಲ್ಲಿತ್ತು. ಅದು ಹೇಗೋ ಉಳಿಯಿತು ಅನ್ನುವಷ್ಟರಲ್ಲಿ ನಾನೇ ಹೋಗಿಬಿಡುವುದರಲ್ಲಿದ್ದೆ. ಆದ್ದರಿಂದ ಕುಶಲ ವಿಚಾರಿಸಲು ಪುರುಸೊತ್ತಿಲ್ಲ. ಆ ಸಾಲು ಇದು: 'ಕೆಲವರಲ್ಲಿ ಸಹಬಾಳ್ವೆಗೆ ತೊಂದರೆಯಾಗಬಹುದು.'

ಸಹಬಾಳ್ವೆ, ಅಂದರೆ ಸಾಮ್‌ಲೀವ್. ನಮ್ಮ ನಾರ್ವೆಯವರ ಜಾಣ ಪದ. ಕೂಡಿ ಬಾಳುವುದೂ ಅದೇ, ಕೂಡುವುದೂ ಅದೇ. ಪಾತ್ರೆ ಯಾರು ತೊಳೆಯಬೇಕು ಎಂಬುದೂ ಅದರೊಳಗೇ, ದೀಪ ಆರಿಸಿದ ಮೇಲಿನದೂ ಅದರೊಳಗೇ. ಮದುವೆ ಊಟದ ಭಾಷಣಕ್ಕೆ ಇದಕ್ಕಿಂತ ಒಳ್ಳೆಯ ಪದ ಸಿಗಲಾರದು. ಆದರೆ ಔಷಧದ ಕರಪತ್ರಕ್ಕೆ? ನಾನು ಮೂವತ್ತನಾಲ್ಕು ವರ್ಷ ಫೆರಿ ಹಡಗಿನ ಎಂಜಿನ್ ಕೋಣೆಯಲ್ಲಿ ದುಡಿದವನು. ಪಂಪ್ ಕೆಟ್ಟರೆ ದಿನಚರಿ ಪುಸ್ತಕದಲ್ಲಿ 'ಪಂಪ್ ಕೆಟ್ಟಿದೆ' ಎಂದು ಬರೆಯುತ್ತಿದ್ದೆ. 'ಎಂಜಿನ್ ಕೋಣೆಯ ಸಾಮರಸ್ಯಕ್ಕೆ ಕೊಂಚ ಭಂಗ ಬಂದಿದೆ' ಎಂದು ಬರೆದಿದ್ದರೆ ಕ್ಯಾಪ್ಟನ್ ನನ್ನನ್ನು ಕಡಲಿಗೆ ಎಸೆಯುತ್ತಿದ್ದ, ಮತ್ತು ಹಾಗೆ ಮಾಡಿದ್ದು ಸರಿಯೇ ಆಗುತ್ತಿತ್ತು.

ನಿಮಗೆ ನಾಚಿಕೆ ಜಾಸ್ತಿ ಎನ್ನೋಣವೆಂದರೆ ಅದೂ ಅಲ್ಲ. ಅದೇ ಪುಟದಲ್ಲಿ ಭೇದಿ ಇದೆ, ಮಲಬದ್ಧತೆ ಇದೆ, 'ಹೊಟ್ಟೆಯ ಗಾಳಿ, ಕೆಲವೊಮ್ಮೆ ದುರ್ವಾಸನೆಯೊಂದಿಗೆ' ಎಂಬ ವರ್ಣನೆಯೂ ಇದೆ. ಇಷ್ಟೆಲ್ಲ ಬಿಚ್ಚಿ ಹೇಳಿದ ಲೇಖನಿ ಒಂಬತ್ತನೆಯ ಸಾಲಿಗೆ ಬಂದಾಗ ಮಾತ್ರ ಯಾಕೆ ಮುಖ ಮುಚ್ಚಿಕೊಂಡಿತು?

ನಡೆದದ್ದು ಹೇಳುತ್ತೇನೆ. ಕಳೆದ ಸೆಪ್ಟೆಂಬರಿನಲ್ಲಿ ಮಾತ್ರೆ ಶುರುವಾಯಿತು. ಅಕ್ಟೋಬರ್ ಹೊತ್ತಿಗೆ ನನ್ನ ಕಾಲು ತಣ್ಣಗಾಗಿತ್ತು (ಅದು ಏಳನೆಯ ಸಾಲು, ಸ್ಪಷ್ಟವಾಗಿದೆ, ಧನ್ಯವಾದ), ಮತ್ತು ಗಂಡಸಾಗಿ ನಾನು ರಜೆ ಹಾಕಿದ್ದೆ. ವಯಸ್ಸು ಅರವತ್ತೆರಡು, ಆಯಿತು ಬಿಡು ಅಂದುಕೊಂಡೆ. ಬಾಯಿ ಬಿಟ್ಟು ಹೇಳಲಿಲ್ಲ. ಹಾಸಿಗೆಗೆ ಹೋಗುವುದನ್ನೇ ತಡಮಾಡತೊಡಗಿದೆ. ನನ್ನ ಹೆಂಡತಿ ಟುರಿಡ್ ತನ್ನ ಸುಕ್ಕು ನೋಡಿಕೊಂಡಳು, ಆಮೇಲೆ ನನ್ನ ಫೋನ್ ನೋಡಿದಳು. ಇಬ್ಬರೂ ಪಾತ್ರೆ ತೊಳೆಯುವ ಯಂತ್ರದಲ್ಲಿ ಚಮಚ ಮೇಲ್ಮುಖವಾಗಿರಬೇಕೋ ಕೆಳಮುಖವಾಗಿರಬೇಕೋ ಎಂದು ಹಾವು ಮುಂಗುಸಿಗಳ ಹಾಗೆ ಕಚ್ಚಾಡಿದೆವು. ಒಂದು ಭಾನುವಾರ ಅವಳು ನಿಮ್ಮ ಕರಪತ್ರ ಹಿಡಿದುಕೊಂಡು ಬಂದಳು.

"ನೋಡಿಲ್ಲಿ, ಬರ್ದವ್ರೆ! ಸಹಬಾಳ್ವೆಗೆ ತೊಂದ್ರೆ ಅಂತೆ. ಈ ಮಾತ್ರೆ ತಿಂದ್ರೆ ಸಿಡಿಮಿಡಿ ಜಾಸ್ತಿ ಆಗುತ್ತೆ. ನಿಂದೇನ್ ತಪ್ಪಿಲ್ಲ ಬಿಡು."

ಹಾಗೆ ನಾವು, ಅಧಿಕಾರಿಗಳೇ, ದಾಂಪತ್ಯ ಸಲಹಾ ಕೇಂದ್ರಕ್ಕೆ ಹೋದೆವು. ನಗಬೇಡಿ. ನಿಮ್ಮ ಕರಪತ್ರವನ್ನು ಅಕ್ಷರಶಃ ಪಾಲಿಸಿದ ಏಕೈಕ ದಂಪತಿ ನಾವೇ ಇರಬೇಕು. ದಿನವೂ ಊಟದ ಹೊತ್ತಿಗೆ ಒಬ್ಬರನ್ನೊಬ್ಬರು ಹೊಗಳಿ ಎಂದು ಅಲ್ಲಿನ ಸಲಹೆಗಾರ್ತಿ ಹೋಮ್‌ವರ್ಕ್ ಕೊಟ್ಟಳು. ನಾನು ಟುರಿಡ್ ಮಾಡಿದ ಮೀನಿನ ಉಂಡೆಯನ್ನು ಹೊಗಳಿದೆ. ಅವಳು ನಾನು ಅಂಗಳದ ಹಿಮ ಎತ್ತುವ ಅಚ್ಚುಕಟ್ಟನ್ನು ಹೊಗಳಿದಳು. ಮೂರು ವಾರದಲ್ಲಿ ನಾವು ಹೋಟೆಲಿನಲ್ಲಿ ಎದುರಾದ ಅಪರಿಚಿತರಷ್ಟು ಸಭ್ಯರಾಗಿದ್ದೆವು. ನಾಲ್ಕನೆಯ ಭೇಟಿಯಲ್ಲಿ ಟುರಿಡ್‌ಗೆ ಅಳು ತಡೆಯಲಾಗಲಿಲ್ಲ.

"ಇವ್ನು ಪಾತ್ರೆ ತೊಳೀತಾನೆ, ಸೌದೆ ಒಡೀತಾನೆ, ಈಗ ಜಗಳಾನೂ ಆಡಲ್ಲ. ನನ್ನ ಮುಟ್ಟೋದೊಂದ್ ಬಿಟ್ಟು ಎಲ್ಲಾ ಮಾಡ್ತಾನೆ ಕಣ್ರೀ."

ಸಲಹೆಗಾರ್ತಿ ಪೆನ್ನು ಕೆಳಗಿಟ್ಟಳು. "ಹಲ್ವಾರ್ಡ್, ಹೊಸದಾಗಿ ಏನಾದ್ರೂ ಮಾತ್ರೆ ತಗೋತಿದೀರಾ?"

ಆಗ ತಿಳಿಯಿತು ಒಂಬತ್ತನೆಯ ಸಾಲಿನ ಅರ್ಥ. ತಿಳಿದ ನಾನು ಏನು ಮಾಡಿದೆ? ಜಾಣನಾಗಿದ್ದರೆ ವೈದ್ಯರ ಬಳಿ ಹೋಗುತ್ತಿದ್ದೆ. ನಾನು ಯಾರಿಗೂ ಹೇಳದೆ ಮಾತ್ರೆ ನಿಲ್ಲಿಸಿದೆ. ದಿಢೀರನೆ ನಿಲ್ಲಿಸುವುದು ಗುಂಡಿಗೆಗೆ ಅಪಾಯವೆಂದು ನನಗೆ ಗೊತ್ತಿರಲಿಲ್ಲ. ನಾಲ್ಕನೆಯ ಪುಟದಲ್ಲಿ ಇದೆಯಂತೆ, ಅಲ್ಲಿಯವರೆಗೆ ಓದಿದ ಗಂಡಸನ್ನು ನಾನು ಕಂಡಿಲ್ಲ. ಸಾಲದ್ದಕ್ಕೆ ಪಕ್ಕದ ಮನೆಯ ಓಡ್‌ಗೈರ್ ಇಂಟರ್ನೆಟ್ಟಿನಲ್ಲಿ ತರಿಸಿದ ಒಂದು ನೀಲಿ ಮಾತ್ರೆಯನ್ನು ನನ್ನ ಜೇಬಿಗೆ ತುರುಕಿದ್ದ. "ಇಟ್ಕೊಳ್ಳೋ, ಆಲೂಗಡ್ಡೆ ಸಾರಾಯಿ ಜೊತೆ ಹಾಕು, ಇಪ್ಪತ್ತು ವರ್ಷದ ಹುಡುಗ ಆಗ್ತೀಯ."

ಮಾತ್ರೆ ನಿಲ್ಲಿಸಿದ ಒಂಬತ್ತನೆಯ ದಿನ, ಮಟಮಟ ಮಧ್ಯಾಹ್ನ, ದೋಣಿಮನೆಯ ಮುಂದೆ ಎದೆ ಹಿಡಿದುಕೊಂಡು ಕುಸಿದೆ. ಆಂಬ್ಯುಲೆನ್ಸ್ ದೋಣಿ ಬಂತು. ಅದರಲ್ಲಿದ್ದ ದಪ್ಪ ಜಡೆಯ ಹೆಂಗಸು ನಾಲಿಗೆಯ ಕೆಳಗೆ ಔಷಧ ಹಾಕುವ ಮೊದಲು, ಟುರಿಡ್ ಎದುರಿಗೇ, ಗಟ್ಟಿಯಾಗಿ ಕೇಳಿದಳು: "ನಿಮಿರೋಕೆ ಅಂತ ನೀಲಿ ಮಾತ್ರೆ ಏನಾದ್ರೂ ನುಂಗಿದೀರಾ? ನುಂಗಿದ್ರೆ ಈ ಔಷಧಿ ಕೊಡೋ ಹಾಗಿಲ್ಲ, ಪ್ರಾಣಕ್ಕೇ ಬರುತ್ತೆ."

"ಇಲ್ಲ," ಅಂದೆ. "ಜೇಬಲ್ಲಿದೆ."

ಕಡಲಿನ ಮೇಲೆ, ಎಂಜಿನ್ನಿನ ಗದ್ದಲದ ನಡುವೆ, ಎರಡು ಉಸಿರಿನಲ್ಲಿ ಕೇಳಿದ ಪ್ರಶ್ನೆ. ಯಾರ ತಲೆಯ ಮೇಲೂ ಆಕಾಶ ಕಳಚಿ ಬೀಳಲಿಲ್ಲ. ಟುರಿಡ್ ಮಾತ್ರ ನನ್ನ ಜೇಬಿಗೆ ಕೈ ಹಾಕಿ ಆ ಮಾತ್ರೆಯನ್ನು ನೀರಿಗೆ ಎಸೆದು, "ಇದಕ್ಕೋಸ್ಕರ ಸಾಯೋಕ್ ಹೊರಟಿದ್ಯೇನೋ ಮಂಕೇ?" ಎಂದು ನನ್ನ ಕೈ ಹಿಡಿದುಕೊಂಡಳು. ಆಸ್ಪತ್ರೆಯ ಬಾಗಿಲಿನವರೆಗೂ ಬಿಡಲಿಲ್ಲ. ಅಷ್ಟು ತಿಂಗಳ ನಂತರ ಅವಳು ನನ್ನನ್ನು ಹಾಗೆ ಹಿಡಿದದ್ದು. ನನಗೆ ಅಳು ಬಂತು, ಎದೆನೋವಿನ ಹೆಸರಿನಲ್ಲಿ ಅತ್ತುಬಿಟ್ಟೆ.

ಗುಣವಾದ ಮೇಲೆ ನಮ್ಮ ವೈದ್ಯೆ ಐದೇ ನಿಮಿಷದಲ್ಲಿ ಬೇರೆ ಮಾತ್ರೆ ಬರೆದುಕೊಟ್ಟರು. ಹೌದು, ಬೇರೆ ಮಾತ್ರೆ ಇತ್ತು! "ಮೊದಲೇ ಹೇಳಬಾರ್ದಿತ್ತಾ? ನವೆಂಬರಿನಲ್ಲಿ ನಾನು ಕೇಳಿದ್ನಲ್ಲ, ಸಹಬಾಳ್ವೆ ಹೇಗಿದೆ ಅಂತ." ಕೇಳಿದ್ದು ನಿಜ. ನಾನು, "ಚೆನ್ನಾಗಿದೆ ಡಾಕ್ಟ್ರೇ, ಇಬ್ರೂ ಸೇರಿ ದೋಣಿಮನೆಗೆ ಹೊಸ ಚಾವಣಿ ಹಾಕಿದ್ವಿ," ಎಂದು ಹೆಮ್ಮೆಯಿಂದ ಹೇಳಿದ್ದೆ.

ಆದ್ದರಿಂದ ನನ್ನ ಬೇಡಿಕೆ. ಒಂಬತ್ತನೆಯ ಸಾಲನ್ನು ಹೊಡೆದುಹಾಕಿ. 'ಆಸೆ ಕುಗ್ಗಬಹುದು, ನಿಮಿರದೇ ಇರಬಹುದು, ನಿಮ್ಮ ತಪ್ಪಲ್ಲ, ಹೆಂಡತಿಯ ತಪ್ಪೂ ಅಲ್ಲ. ಮಾತ್ರೆ ನಿಲ್ಲಿಸಬೇಡಿ, ವೈದ್ಯರಿಗೆ ಹೇಳಿ' ಎಂದು ಹಾಕಿ. ಹೆಂಗಸರ ಕರಪತ್ರದಲ್ಲೂ ಅವರಿಗೆ ತಕ್ಕಂತೆ ಹಾಕಿ; ಅವರಿಗೂ ಮೈ ಇದೆ ಎಂದು ಟುರಿಡ್ ಹೇಳಿ ಬರೆಸುತ್ತಿದ್ದಾಳೆ. ವೈದ್ಯರೆಲ್ಲ ಆ ಜಡೆಯ ಹೆಂಗಸಿನ ಹಾಗೆ ಕೇಳುವಂತೆ ಸುತ್ತೋಲೆ ಹೊರಡಿಸಿ. 'ಒಬ್ಬ ನಾಗರಿಕ' ಎಂದು ಸಹಿ ಹಾಕಲು ಹೊರಟಿದ್ದೆ. "ಹೆಸ್ರು ಹಾಕೋ, ಇನ್ನೊಬ್ಬ ಮಂಕ ಬದುಕ್ಲಿ" ಎಂದು ಅವಳೇ ಗದರಿದಳು.

ಕಚೇರಿಯಲ್ಲಿ ಸರಿಯಾದ ಪದ ಸಿಗದಿದ್ದರೆ ನಮ್ಮ ಮನೆಗೆ ಫೋನ್ ಮಾಡಿ. ಟುರಿಡ್ ಬಳಿ ಹನ್ನೊಂದು ಪದಗಳಿವೆ. ಶನಿವಾರ ಮಧ್ಯಾಹ್ನ ಮಾತ್ರ ಮಾಡಬೇಡಿ, ಆಗ ನಾವು ಸಹಬಾಳ್ವೆಯಲ್ಲಿ ಇರುತ್ತೇವೆ.

ಇಂತಿ,
ಹೊಸ ಮಾತ್ರೆಯಿಂದ ಒಣಕೆಮ್ಮು ಬಂದರೂ ದೂರಿಲ್ಲದ
(ಅದು ಮೂರನೆಯ ಸಾಲು, ಸ್ಪಷ್ಟವಾಗಿದೆ),
ಹಲ್ವಾರ್ಡ್, ನಿವೃತ್ತ ಫೆರಿ ಎಂಜಿನ್ ಕೆಲಸಗಾರ