ಹೊಳೆದದ್ದೇ ಕಿತ್ತು ಬಂತು

ಬ್ಯಾಡಗಿ, ಮಂಗಳವಾರ, ಫೆಬ್ರವರಿ ೧೦

ಚೆಂದ ಕಂಡದ್ದೇ ಯಾಕೆ ಕಿತ್ತು ಬಂತು? ಊಟ ಮಾಡುವಾಗಲೂ ತಲೆಯಲ್ಲಿ ಅದೇ.

ಮೆಣಸಿನಕಾಯಿ ಆರಿಸುವ ಕೆಲಸದಲ್ಲಿ ಘಾಟಿಗೆ ಕೆಮ್ಮು ಹೆಚ್ಚಾಯಿತೆಂದು ಮಿಕ್ಸರ್ ರಿಪೇರಿಯ ಶಂಭುಲಿಂಗಣ್ಣನ ಅಂಗಡಿಯಲ್ಲಿ ಸೀಸ ಕರಗಿಸಿ ಬೆಸೆಯುವ ಸೋಲ್ಡರ್ ಕೆಲಸ ಕಲಿಯುತ್ತಿದ್ದೇನೆ. ಇವತ್ತಿಗೆ ಆರನೇ ದಿನ. ವೈರ್‌ಗೆ ವೈರ್ ಸೇರಿಸಿ ಎರಡು ಜಾಯಿಂಟ್ ಮಾಡಿದೆ. ಒಂದರ ಮೇಲೆ ಸೀಸ ಮುತ್ತಿನಂತೆ ದುಂಡಗೆ ಕೂತು ಹೊಳೆಯುತ್ತಿತ್ತು. ಇನ್ನೊಂದು ಬೂದುಬಣ್ಣ, ಸಪ್ಪೆ; ಕಾದ ಸೋಲ್ಡರಿಂಗ್ ಐರನ್ ತೆಗೆಯಲು ಮರೆತು ಹಾಗೇ ಹಿಡಿದುಕೊಂಡಿದ್ದೆ. ಹೊಳೆಯುವುದನ್ನೇ ಅಣ್ಣನ ಮುಂದಿಟ್ಟೆ. ಎರಡು ಬೆರಳಲ್ಲಿ ಎಳೆದ. ಮುತ್ತು ನೆಲಕ್ಕೆ ಬಿತ್ತು.

"ಬರೇ ಸೀಸ ಕಾಸೀದಿ ತಂಗಿ, ವೈರ್ ಕಾಸಿಲ್ಲ. ಮ್ಯಾಲ ಕುಂತೈತಿ, ಒಳಗ ಹಿಡಿದಿಲ್ಲ."

"ಮತ್ತ ಈ ಹೊಲಸು ಕಾಣೋದು?" ಅಂದೆ.

ಅದನ್ನೂ ಎಳೆದ. ಬರಲಿಲ್ಲ. "ಇದು ಹಿಡಿದೈತಿ ನೋಡು. ಆದ್ರ ಇಷ್ಟು ಸುಡಬ್ಯಾಡ. ಚಲೋ ಜಾಯಿಂಟ್ ಹೊಳೀಬೇಕು."

ಹೊಳೆಯಬೇಕಂತೆ, ಆದರೆ ಹೊಳಪನ್ನು ನಂಬಬಾರದಂತೆ! ನಾನು ಯಾವುದನ್ನು ಹಿಡಿಯಲಿ? ಇಪ್ಪತ್ತೆರಡು ವರ್ಷ ಹೊಳಪು ನೋಡಿಯೇ ಕಾಯಿ ಆರಿಸಿದ್ದೇನೆ. ‘ಪ್ರೇಮವ್ವನ ಕಣ್ಣು ತಪ್ಪಂಗಿಲ್ಲ’ ಎಂದು ಸಾಹುಕಾರರೇ ಹೇಳುತ್ತಾರೆ. ನಾನು ಗಳಿಸಿದ್ದು ಆ ಕಣ್ಣೊಂದೇ. ಅದೂ ಕೆಲಸಕ್ಕೆ ಬಾರದಿದ್ದರೆ ನಲವತ್ತಾರನೇ ವಯಸ್ಸಿನಲ್ಲಿ ಏನು ಹಿಡಿದುಕೊಂಡು ಹೊಸ ಕೆಲಸಕ್ಕೆ ಹೋಗಲಿ?

ಸಪ್ಪೆ ಜಾಯಿಂಟನ್ನು ಮನೆಗೆ ತಂದಿದ್ದೇನೆ. ಬರೆಯುತ್ತಲೇ ಮೂರು ಸಲ ಎಳೆದೆ. ಈಗ ಕಣ್ಣು ಮುಚ್ಚಿ ಇನ್ನೊಮ್ಮೆ ಎಳೆದೆ. ಬೆರಳಿಗೆ ಗೊತ್ತಾಗುತ್ತಿದೆ. ಕಣ್ಣು ಬಿಟ್ಟರೆ ಮಾತ್ರ ಅದು ಇನ್ನೂ ಹೊಲಸಾಗಿಯೇ ಕಾಣುತ್ತದೆ.